ಹಿಂದಕ್ಕೆ ವಾಲಿದ ಗರ್ಭಕೋಶ

ಮದುವೆಯಾಗಿ ಮಂಗಳೂರಿಗೆ ಬಂದ ಹೊಸತರಲ್ಲಿ, ಒಂದು ಊಟದ ಮನೆಯಲ್ಲಿ, ಗಂಡನ ಕಡೆಯ ಹಿರಿಯ ಹೆಂಗಸೊಬ್ಬರು ನನ್ನನ್ನು ನೋಡಿ ತುಳುವಿನಲ್ಲಿ ಏನೋ ಕೇಳಿದರು. ಅದರಲ್ಲಿ ನನಗೆ ಹಿಡಿದದ್ದು ‘ಬಂಜಿ’ ಎಂಬ ಒಂದೇ ಶಬ್ದ. ನಾನು ತುಮಕೂರಿನವಳು. ನನ್ನ ಕಿವಿಗೆ ಅದು ‘ಬಂಜೆ’ ಎಂದೇ ಬಿತ್ತು. ಮದುವೆಯಾಗಿ ಎರಡು ತಿಂಗಳೂ ಆಗಿರಲಿಲ್ಲ, ಆಗಲೇ ಹೀಗೆ ಕೇಳುತ್ತಾರಲ್ಲ ಎಂದು ಮನೆಗೆ ಬಂದು ಗಂಡನ ಎದುರು ಅತ್ತುಬಿಟ್ಟೆ. ಅವರು ಆ ಶಬ್ದವನ್ನು ನನ್ನಿಂದ ಇನ್ನೊಮ್ಮೆ ಹೇಳಿಸಿ ಆಮೇಲೆ ಹೇಳಿದರು: “ಬಂಜಿ ಅಂದ್ರೆ ಹೊಟ್ಟೆ ಮಾರಾಯ್ತಿ. ಹೊಟ್ಟೆ ತುಂಬಿತಾ ಅಂತ ಕೇಳಿದ್ದು ಅವರು. ಬಸುರಿಗೂ ನಮ್ಮಲ್ಲಿ ಬಂಜಿನಾಲ್ ಅಂತ್ಲೇ ಹೇಳುದು.”

ಒಂದು ಭಾಷೆಯಲ್ಲಿ ಬರಿದಾದದ್ದು ಇನ್ನೊಂದರಲ್ಲಿ ತುಂಬಿದ್ದು ಹೇಗಾಗುತ್ತದೆಂದು ನನಗೆ ಆಗಲೂ ತಿಳಿಯಲಿಲ್ಲ. ನನ್ನ ಹೊಟ್ಟೆಯ ವಿಷಯದಲ್ಲಿ ನನಗೆ ತಿಳಿಯದೆ ಹೋದ ಸಂಗತಿಗಳಲ್ಲಿ ಅದು ಮೊದಲನೆಯದು.

ನಾಲ್ಕು ವರ್ಷದ ನಂತರ ನಾನು ನಿಜವಾಗಿಯೂ ಬಸುರಿಯಾದೆ. ನಮ್ಮ ಮನೆ ಬೋಳಾರದಲ್ಲಿ. ಮಾವ ಹತ್ತಿರದ ಒಂದು ಸಣ್ಣ ದೇವಸ್ಥಾನದಲ್ಲಿ ಅರ್ಚಕರು. ಗಂಡನಿಗೆ ಬಂದರಿನ ಸರಕು ಬಿಡಿಸುವ ಕಂಪನಿಯಲ್ಲಿ ಕೆಲಸ. ನಾನು ಕೊಡಿಯಾಲ್‌ಬೈಲಿನ ಪಿಯು ಕಾಲೇಜೊಂದರಲ್ಲಿ ಕಾಮರ್ಸ್ ಕಲಿಸುತ್ತೇನೆ. ಮೊದಲ ಸ್ಕ್ಯಾನಿಂಗಿಗೆ ಅತ್ತೆಯೂ ನಾನೂ ಹೋಗಿದ್ದೆವು. ಡಾಕ್ಟರು ನನಗಿಂತ ಸ್ವಲ್ಪವೇ ದೊಡ್ಡವರಾದ ಹೆಂಗಸು. ಪರದೆಯ ಮೇಲೆ ಮಿಡಿಯುವ ಒಂದು ಚುಕ್ಕೆಯನ್ನು ತೋರಿಸಿ, ಎಲ್ಲ ಸರಿಯಾಗಿದೆ ಎಂದು ಹೇಳಿ, ಕೈ ಒರೆಸಿಕೊಳ್ಳುತ್ತ ಸೇರಿಸಿದರು: “ನಿಮ್ಮ ಗರ್ಭಕೋಶ ಸ್ವಲ್ಪ ಹಿಂದಕ್ಕೆ ವಾಲಿದೆ. ತುಂಬ ಜನಕ್ಕೆ ಇರ್ತದೆ. ಮೂರು ತಿಂಗಳು ಕಳೆಯುವಾಗ ಅದೇ ಮೇಲೆ ಬರ್ತದೆ, ತಲೆಬಿಸಿ ಬೇಡ.”

“ಹಿಂದಕ್ಕೆ ಅಂದರೆ?” ಎಂದೆ.

ಅವರು ಮುಷ್ಟಿ ಕಟ್ಟಿ ನನ್ನ ಮುಂದೆ ಹಿಡಿದರು. “ಇದು ಗರ್ಭಕೋಶ ಅಂತ ಇಟ್ಕೊಳ್ಳಿ. ಇಷ್ಟೇ ಇರುದು. ಮಣಿಕಟ್ಟು ಉಂಟಲ್ಲ, ಅದು ಅದರ ಕುತ್ತಿಗೆ. ಹೆಚ್ಚಿನವರಿಗೆ ಹೀಗೆ ಮುಂದಕ್ಕೆ, ಮೂತ್ರದ ಚೀಲದ ಮೇಲೆ ಬಗ್ಗಿ ಕೂತಿರ್ತದೆ. ನಿಮ್ಮದು ಹೀಗೆ, ಬೆನ್ನಿನ ಕಡೆಗೆ.” ಮುಷ್ಟಿಯನ್ನು ಹಿಂದಕ್ಕೆ ಬಾಗಿಸಿ ತೋರಿಸಿದರು. ಅಷ್ಟರಲ್ಲಿ ಮುಂದಿನವರು ಬಾಗಿಲಲ್ಲಿ ನಿಂತಿದ್ದರು. ನಾನು ತಲೆಯಾಡಿಸಿ ಎದ್ದೆ.

ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ನಾನೂ ಮುಷ್ಟಿ ಕಟ್ಟಿ ನೋಡಿದೆ. ಇಷ್ಟು ಚಿಕ್ಕದೆ? ಅಲ್ಲಿಯವರೆಗೆ ನಾನು ಅಂದುಕೊಂಡಿದ್ದು, ಹೊಕ್ಕುಳಿನ ಹಿಂದೆ ಒಂದು ಕೊಡದಂಥದ್ದು ಯಾವಾಗಲೂ ಇರುತ್ತದೆ, ಮಗು ಬಂದು ಅದರಲ್ಲಿ ಕೂರುತ್ತದೆ, ಅಷ್ಟೆ. ಹತ್ತನೇ ತರಗತಿಯಲ್ಲಿ ಆ ಪಾಠ ಬಂದಾಗ ನಮ್ಮ ವಿಜ್ಞಾನದ ಮೇಷ್ಟ್ರು “ಇದನ್ನು ಮನೇಲಿ ಓದ್ಕೊಳ್ಳಿ” ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗಿದ್ದರು. ಮನೆಯಲ್ಲಿ ಯಾರೂ ಓದಲಿಲ್ಲ. ಆಮೇಲೆ ನಾನು ಕಾಮರ್ಸ್ ತೆಗೆದುಕೊಂಡೆ. ಮೂವತ್ತೆರಡು ವರ್ಷ ನನ್ನೊಳಗೇ ಇದ್ದ ವಸ್ತುವಿನ ಅಳತೆ ನನಗೆ ಗೊತ್ತಾದದ್ದು ಹೀಗೆ.

ಅತ್ತೆಗೆ ಆ ಮಾತು ಬೇರೆಯೇ ಥರ ಕೇಳಿಸಿತ್ತು. “ಹಿಂದಕ್ಕೆ ಅಂದ್ರೆ, ಮಗು ಬೆನ್ನಲ್ಲಿ ಬೆಳೀತದಾ?” ಎಂದು ಸಂಜೆ ಗಂಡನನ್ನು ಕೇಳಿದರು. ಗಂಡ ಫೋನು ತೆಗೆದು ಹುಡುಕಿದರು. ಒಂದು ಕಡೆ ಕವುಚಿ ಮಲಗಿದರೆ ಒಳ್ಳೆಯದು ಎಂದಿತ್ತು, ಇನ್ನೊಂದು ಕಡೆ ಬಸುರಿಯರು ಕವುಚಿ ಮಲಗಲೇಬಾರದು ಎಂದಿತ್ತು. ಅಂಗಾತ ಮಲಗಿದರೆ ಭಾರಕ್ಕೆ ಇನ್ನೂ ಹಿಂದೆ ಹೋಗುತ್ತದೆ ಎಂದು ಅತ್ತೆ ತೀರ್ಮಾನಿಸಿದರು. ಮಾವ ಇಂಥ ಮಾತು ಶುರುವಾದ ಕೂಡಲೇ ಎದ್ದು ಜಗಲಿಗೆ ಹೋಗಿಬಿಡುತ್ತಿದ್ದರು. ನಾಲ್ಕು ವರ್ಷಗಳಲ್ಲಿ ಅವರು ನನ್ನ ಬಳಿ ಆಡಿದ್ದು ಊಟ, ಬಸ್ಸು ಮತ್ತು ಪೂಜೆಯ ಹೂವಿನ ಮಾತು ಮಾತ್ರ. ನನಗೆ ಅದರ ಬಗ್ಗೆ ಬೇಸರವಿರಲಿಲ್ಲ. ಅವರು ಹಾಗೆ ಎಂದುಕೊಂಡಿದ್ದೆ.

ಮೂರನೆಯ ತಿಂಗಳು ಮುಗಿಯುತ್ತ ಬಂದಾಗ ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯುವಲ್ಲಿ ಒಂದು ಒತ್ತಡ ಶುರುವಾಯಿತು. ಏನೋ ಒಂದರ ಮೇಲೆ ಕೂತಿದ್ದೇನೆ, ಎದ್ದು ಅದನ್ನು ಪಕ್ಕಕ್ಕೆ ಸರಿಸಬೇಕು ಅನ್ನಿಸುತ್ತಿತ್ತು. ಎದ್ದರೆ ಅಲ್ಲಿ ಏನೂ ಇರುತ್ತಿರಲಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ನನ್ನ ಗಮನವೆಲ್ಲ ಹೊಟ್ಟೆಯ ಮೇಲಿತ್ತು. ಹೊಟ್ಟೆ ಕಾಣಿಸತೊಡಗಿತ್ತು. ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಇಂಗ್ಲಿಷ್ ಕಲಿಸುವ ಹಿರಿಯ ಮೇಡಂ ಓರೆಗಣ್ಣಲ್ಲಿ ನೋಡಿ, “ಇಷ್ಟು ಬೇಗ ಗೊತ್ತಾಗ್ತದಲ್ಲ. ಅವಳಿ ಎಂತ ಅಲ್ಲ ಅಲ್ವಾ?” ಎಂದರು. ನಾನು ಇಲ್ಲವೆಂದು ನಕ್ಕರೂ ಒಳಗೊಳಗೆ ಹಿಗ್ಗಿದೆ.

ಸ್ನಾನದ ಹೊತ್ತಿಗೆ ಕೈಯಿಟ್ಟರೆ ಹೊಕ್ಕುಳಿನ ಕೆಳಗೆ ದುಂಡಗೆ, ಬಿಗಿಯಾಗಿ, ಸ್ಪಷ್ಟವಾಗಿ ಸಿಗುತ್ತಿತ್ತು. ದಿನದಿಂದ ದಿನಕ್ಕೆ ದೊಡ್ಡದಾಗುತ್ತಿತ್ತು. ಡಾಕ್ಟರು ಹೇಳಿದಂತೆ ಅದು ಮೇಲೆ ಬಂತು ಎಂದುಕೊಂಡೆ. ಗಂಡನ ಅಂಗೈಯನ್ನೂ ಅಲ್ಲಿಡಿಸಿದೆ. ಅವರು ಹೆದರಿ ಹೆದರಿ ಮುಟ್ಟಿ, “ಇಷ್ಟು ಗಟ್ಟಿ ಇರ್ತದಾ?” ಎಂದರು. ಬಾಗಿಲು ಹಾಕಿಕೊಂಡು ಒಬ್ಬಳೇ ಇದ್ದಾಗ ನಾನು ಅದರ ಹತ್ತಿರ ಮಾತಾಡುತ್ತಿದ್ದೆ. ಸಾರಿಗೆ ಉಪ್ಪು ಜಾಸ್ತಿಯಾದದ್ದು, ಬಸ್ಸಿನಲ್ಲಿ ಸೀಟು ಸಿಕ್ಕಿದ್ದು, ಹೀಗೆ ಏನಾದರೂ. ತುಮಕೂರಿನ ಕನ್ನಡದಲ್ಲಿ ಮಾತಾಡುತ್ತಿದ್ದೆ. ಈ ಮನೆಯಲ್ಲಿ ತಮ್ಮತಮ್ಮೊಳಗೆ ತುಳು, ನನ್ನ ಹತ್ತಿರ ಇಲ್ಲಿಯ ಕನ್ನಡ. ಇದ್ದಿದ್ದು ಇದ್ದಂಗೆ ಹೇಳಿಕೊಳ್ಳೋಕೆ ನಂಗೂ ಒಬ್ಬರು ಸಿಕ್ಕರು ಅಂತ ಅದಕ್ಕೆ ಹೇಳಿದ್ದು ನೆನಪಿದೆ.

ಆ ವಾರದಲ್ಲೇ ಮೂತ್ರದ ತೊಂದರೆ ಶುರುವಾದದ್ದು. ಮೊದಲು ಪದೇಪದೇ ಹೋಗಬೇಕಾಗುತ್ತಿತ್ತು. ಬಸುರಿಯರಿಗೆ ಅದು ಸಹಜ ಎಂದು ಎಲ್ಲರೂ ಹೇಳಿದರು. ಆಮೇಲೆ ಹೋದರೂ ಸ್ವಲ್ಪವೇ, ತೊಟ್ಟಿಕ್ಕಿದಂತೆ. ಪೂರ್ತಿಯಾಯಿತು ಎಂಬ ಸಮಾಧಾನವೇ ಇಲ್ಲ. ಮನೆಯ ಹತ್ತಿರದ ಡಾಕ್ಟರು ಮೂತ್ರದಲ್ಲಿ ಸೋಂಕಿರಬಹುದು ಎಂದು ಮಾತ್ರೆ ಬರೆದು, ಚೆನ್ನಾಗಿ ನೀರು ಕುಡಿಯಿರಿ ಎಂದರು. ಅತ್ತೆ ಅದು ಉಷ್ಣವೇ ಎಂದು ಬಾರ್ಲಿ ಬೇಯಿಸಿ ನೀರು ಕೊಟ್ಟರು, ಬೆಳಿಗ್ಗೆ ಒಂದು ಸಂಜೆ ಒಂದು ಎಳನೀರಿನ ಬೊಂಡ ಕೆತ್ತಿಸಿ ತಂದರು. “ಕುಡಿ, ಕುಡಿದಷ್ಟು ಸರಿಯಾಗ್ತದೆ” ಎಂದು ಎದುರು ನಿಂತು ಕುಡಿಸಿದರು. ನಾನು ಕುಡಿದೆ. ಒಳಗೆ ಹೋದದ್ದು ಹೊರಗೆ ಬರುತ್ತಿಲ್ಲ ಎಂಬುದು ನನ್ನ ಲೆಕ್ಕಕ್ಕೆ ಯಾಕೆ ಬರಲಿಲ್ಲವೋ. ಹೊಟ್ಟೆ ಇನ್ನಷ್ಟು ದುಂಡಗಾಯಿತು. ನನಗೆ ಒಂದು ಕಡೆ ಸಂಕಟ, ಇನ್ನೊಂದು ಕಡೆ ಮಗು ಬೆಳೆಯುತ್ತಿದೆ ಎಂಬ ಖುಷಿ. ಎರಡೂ ಒಂದೇ ಜಾಗದಿಂದ ಬರುತ್ತಿವೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಗಂಡ ಹಡಗಿನ ಕೆಲಸಕ್ಕೆಂದು ಕೊಚ್ಚಿಗೆ ಹೋಗಿದ್ದರು. ಒಂದು ದಿನ ಅತ್ತೆ ಕಾಸರಗೋಡಿನಲ್ಲಿರುವ ತಂಗಿಯ ಹೊಸ ಮನೆಯ ಒಕ್ಕಲಿಗೆ ಬೆಳಿಗ್ಗೆ ಬೇಗ ಹೊರಟಿದ್ದರು. ಅಂದು ನನಗೆ ಒಂದು ಹನಿಯೂ ಹೋಗಲಿಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಟು ಆ ಸದ್ದು ಕೇಳುತ್ತ ಕೂತೆ. ಎದ್ದು ಓಡಾಡಿದೆ. ಮತ್ತೆ ಕೂತೆ. ಕಾಲೇಜಿಗೆ ಬರುವುದಿಲ್ಲವೆಂದು ಫೋನು ಮಾಡುವಾಗ ಮಾತು ತುಂಡುತುಂಡಾಗಿ ಬರುತ್ತಿತ್ತು. ಮಧ್ಯಾಹ್ನದ ಪೂಜೆ ಮುಗಿಸಿ ಮಾವ ಮನೆಗೆ ಬಂದಾಗ ನಾನು ಊಟದ ಮೇಜನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿ ನಿಂತಿದ್ದೆ.

“ಎಂತಾಯ್ತು?” ಎಂದರು.

“ಹೊಟ್ಟೆನೋವು ಮಾವ.”

ಅವರು ಬಾಗಿಲಲ್ಲೇ ನಿಂತರು. ಜಗಲಿಗೆ ಹೋಗುತ್ತಾರೆ ಎಂದುಕೊಂಡೆ. “ರಕ್ತ ಎಂತ ಹೋಗ್ಲಿಲ್ಲ ಅಲ್ವಾ?” ಎಂದು ಕೇಳಿದರು.

ನನಗೆ ನೋವಿನ ನಡುವೆಯೂ ಗಲಿಬಿಲಿಯಾಯಿತು. “ಇಲ್ಲ. ಮೂತ್ರ ಹೋಗ್ತಾ ಇಲ್ಲ” ಎಂದೆ, ನೆಲ ನೋಡುತ್ತ.

“ಯಾವಾಗಿಂದ?”

“ಬೆಳಿಗ್ಗೆಯಿಂದ ಪೂರ್ತಿ ಇಲ್ಲ. ಅದರ ಮೊದಲೂ ಸರಿ ಇರಲಿಲ್ಲ.”

ಅವರು ಹೆಗಲ ಶಾಲನ್ನು ಸರಿ ಮಾಡಿಕೊಂಡು ರಸ್ತೆಗೆ ಹೋಗಿ ರಿಕ್ಷಾ ಕರೆತಂದರು. ಊಟ ಮಾಡಿರಲಿಲ್ಲ. ದಾರಿಯುದ್ದಕ್ಕೂ ಪ್ರತಿಯೊಂದು ರಸ್ತೆಯುಬ್ಬಿನ ಮೊದಲು ರಿಕ್ಷಾದವನಿಗೆ “ಮೆಲ್ಲ, ಮೆಲ್ಲ” ಎನ್ನುತ್ತಿದ್ದರು. ನನ್ನ ಕಡೆ ಮಾತ್ರ ನೋಡಲಿಲ್ಲ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಸಾಲಾಗಿ ಜನ ಕೂತಿದ್ದರು. ಮೇಜಿನ ಹತ್ತಿರ ಕೂತ ಹುಡುಗಿ “ಎಂತ ತೊಂದರೆ?” ಎಂದಾಗ ನಾನು ಬಾಯಿ ತೆರೆಯುವ ಮೊದಲೇ ಮಾವ, ಮಂತ್ರ ಹೇಳಿ ಪಳಗಿದ ಆ ದೊಡ್ಡ ಸ್ವರದಲ್ಲಿ ಹೇಳಿದರು: “ನನ್ನ ಸೊಸೆ. ಬಸುರಿ. ಮೂರು ತಿಂಗಳು ಕಳೆದಿದೆ. ಬೆಳಿಗ್ಗೆಯಿಂದ ಮೂತ್ರ ಹೋಗ್ಲಿಲ್ಲ.” ಇಡೀ ಸಾಲು ನಮ್ಮ ಕಡೆ ತಿರುಗಿತು. ಅವರು ಯಾರನ್ನೂ ಗಮನಿಸಲಿಲ್ಲ.

ಒಳಗೆ ನಡುವಯಸ್ಸಿನ ನರ್ಸ್ ಒಬ್ಬರು ನನ್ನ ಹೊಟ್ಟೆಯನ್ನು ಒಮ್ಮೆ ಮುಟ್ಟಿ, “ಅಯ್ಯೋ, ಇಷ್ಟು ಹೇಗೆ ತಡ್ಕೊಂಡ್ರಿ?” ಎಂದು ನಳಿಗೆ ಹಾಕಿದರು. ಪಕ್ಕದಲ್ಲಿ ತೂಗುಬಿಟ್ಟ ಚೀಲ ತುಂಬತೊಡಗಿತು. ಒಮ್ಮೆಲೇ ಎಲ್ಲ ಬಿಡಬಾರದೆಂದು ನಡುನಡುವೆ ತಡೆದು, ಮತ್ತೆ ಬಿಟ್ಟು, ಅವರು ಸಾವಕಾಶವಾಗಿ ಖಾಲಿ ಮಾಡಿದರು. ಆ ಹಗುರ ಎಂಥದ್ದೆಂದು ನನಗೆ ಹೇಳಲು ಬರುವುದಿಲ್ಲ. ಕಣ್ಣು ಮುಚ್ಚಿ ಉಸಿರು ಬಿಟ್ಟೆ. ಅಭ್ಯಾಸದಂತೆ ಕೈ ಹೊಟ್ಟೆಯ ಮೇಲೆ ಹೋಯಿತು.

ಅಲ್ಲಿ ಏನೂ ಇರಲಿಲ್ಲ.

ಆ ದುಂಡು, ಆ ಬಿಗಿ, ಒಂದು ವಾರದಿಂದ ನಾನು ಮಾತಾಡಿಸುತ್ತಿದ್ದದ್ದು ಇರಲಿಲ್ಲ. ಹೊಟ್ಟೆ ಖಾಲಿ ಕೈಚೀಲದ ಹಾಗೆ ಮೆತ್ತಗೆ ಬಿದ್ದಿತ್ತು. ನಾನು ನರ್ಸಿನ ಕೈ ಹಿಡಿದೆ. “ಮಗು ಎಲ್ಲಿ?”

“ಎಂತ ಮಗು?”

“ಇಲ್ಲಿತ್ತು. ಈಗ ಇಲ್ಲ. ಹೋಯ್ತು.”

ಅವರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ನನ್ನ ಕೈಯನ್ನು ಹಾಗೆಯೇ ಇರಿಸಿಕೊಂಡು ಹೇಳಿದರು: “ಅದು ಮಗು ಅಲ್ಲಮ್ಮ. ಅದು ಮೂತ್ರದ ಚೀಲ. ತುಂಬಿ ಇಷ್ಟು ಮೇಲೆ ಬಂದಿತ್ತು. ಮಗು ಕೆಳಗೆ ಉಂಟು.”

ನಾನು ನಂಬಲಿಲ್ಲ. ಕೈಯಾರೆ ಮುಟ್ಟಿದ್ದನ್ನು ಸುಳ್ಳು ಎನ್ನುವುದು ಹೇಗೆ? ಅಳು ಬಂತು. ದೇಹಕ್ಕೆ ಇಷ್ಟು ಸುಖವಾಗಿರುವಾಗಲೇ ಇಷ್ಟು ದುಃಖವಾಗುವುದು ನನಗೆ ಹೊಸತು. ಅಳುತ್ತಿರುವುದು ಹೋದ ನೋವಿಗೋ ಹೋದ ಮಗುವಿಗೋ ನನಗೇ ಗೊತ್ತಿರಲಿಲ್ಲ. ಪರದೆಯ ಆಚೆ ಮಾವ ಕೆಮ್ಮಿದ್ದು ಕೇಳಿಸಿತು.

ನನ್ನ ಡಾಕ್ಟರು ಬಂದು ಸ್ಕ್ಯಾನ್ ಮಾಡಿದರು. ಯಂತ್ರದ ಪರದೆಯಲ್ಲಿ ಮಗು ಕಂಡಿತು. ಆದರೆ ನಾನು ಅಂದುಕೊಂಡ ಜಾಗದಲ್ಲಲ್ಲ, ತುಂಬ ಆಳದಲ್ಲಿ, ಕೆಳಗೆ, ಬೆನ್ನಿಗೆ ಒತ್ತಿಕೊಂಡು. ಕೈಕಾಲು ಆಡಿಸುತ್ತಿತ್ತು. ಎದೆ ಮಿಡಿಯುತ್ತಿತ್ತು. ಡಾಕ್ಟರು ಅದನ್ನು ಸ್ವಲ್ಪ ಹೊತ್ತು ನನಗೆ ನೋಡಲು ಬಿಟ್ಟು ಆಮೇಲೆ ವಿಷಯ ಹೇಳಿದರು.

“ಸೊಂಟದ ಮೂಳೆಗಳು ಸೇರಿ ಒಂದು ಬೋಗುಣಿಯ ಹಾಗೆ ಉಂಟು. ಗರ್ಭಕೋಶ ಮೊದಲು ಅದರ ಒಳಗೇ ಇರುದು. ಮೂರು ತಿಂಗಳಾಗುವಾಗ ಒಳಗೆ ಜಾಗ ಸಾಕಾಗುದಿಲ್ಲ, ಬೋಗುಣಿಯ ಬಾಯಿ ದಾಟಿ ಮೇಲೆ ಬರ್ಬೇಕು. ನಿಮ್ಮದು ಹಿಂದಕ್ಕೆ ವಾಲಿತ್ತಲ್ಲ, ಬೆನ್ನುಮೂಳೆಯ ಬುಡದಲ್ಲಿ ಒಂದು ಉಬ್ಬು ಉಂಟು, ಅದರ ಅಡಿಯಲ್ಲಿ ಗರ್ಭಕೋಶದ ತಲೆ ಸಿಕ್ಕಿಹಾಕಿಕೊಂಡಿದೆ. ಅಲ್ಲೇ ಬೆಳೀತಾ ಉಂಟು. ಹಿಂದೆ ತಲೆ ಸಿಕ್ಕಿದ ಕಾರಣ ಅದರ ಕುತ್ತಿಗೆ ಮುಂದೆ ಬಂದು ಮೂತ್ರದ ದಾರಿಯನ್ನು ಒತ್ತಿ ಹಿಡಿದಿದೆ.”

“ಹಾಗಾದರೆ ನೀರು ಕುಡಿದದ್ದು?”

“ಮೂತ್ರದ ಚೀಲ ಉಬ್ಬಿ ಗರ್ಭಕೋಶವನ್ನು ಇನ್ನೂ ಹಿಂದೆ ದೂಡಿತು. ನಿಮಗೆ ಗೊತ್ತಾಗುದಾದ್ರೂ ಹೇಗೆ? ಇದು ಎಲ್ಲೋ ಅಪರೂಪಕ್ಕೆ ಆಗುದು.”

ಆಗ ಪರದೆಯ ಆಚೆಯಿಂದ ಮಾವ ಕೇಳಿದರು: “ಡಾಕ್ಟ್ರೇ, ನಾನು ಒಳಗೆ ಬರಬಹುದಾ?” ನಾನು ಹೊದಿಕೆ ಎಳೆದುಕೊಂಡೆ. ಅವರು ಬಂದು ನನ್ನ ತಲೆಯ ಹತ್ತಿರ ನಿಂತರು. ದೇವರ ಗರ್ಭಗುಡಿಯ ಮಾತೇನಾದರೂ ತೆಗೆಯುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಇಷ್ಟೇ: “ಅದು ಮೇಲೆ ಬರ್ಲಿಕ್ಕೆ ನಾವು ಎಂತ ಮಾಡ್ಬೇಕು?”

“ನಳಿಗೆ ಹಾಗೆಯೇ ಇರ್ಲಿ, ಮೂತ್ರದ ಚೀಲ ಖಾಲಿ ಇರ್ಬೇಕು. ಇವರು ಮಂಡಿಯೂರಿ, ಎದೆ ಹಾಸಿಗೆಗೆ ತಾಗಿಸಿ, ಸೊಂಟ ಎತ್ತಿ ಇರ್ಬೇಕು. ಆಗುವಷ್ಟು ಹೊತ್ತು, ದಿನಕ್ಕೆ ಕೆಲವು ಸಲ. ಭಾರಕ್ಕೆ ಅದೇ ಜಾರಿ ಈಚೆ ಬರ್ಬಹುದು. ಬಾರದಿದ್ರೆ ನಾಳೆ ಕೈಯಿಂದ ದೂಡಿ ನೋಡ್ತೇನೆ.”

“ಮಗುವಿಗೆ?”

“ಈಗ ಚೆನ್ನಾಗಿ ಉಂಟು. ಎಂತದೂ ಆಗುದೇ ಇಲ್ಲ ಅಂತ ನಾನು ಮಾತು ಕೊಡುದಿಲ್ಲ. ಆದರೆ ಹೆಚ್ಚಾಗಿ ಸರಿಯಾಗ್ತದೆ.”

ಮಾವ ತಲೆಯಾಡಿಸಿದರು. ವಾರ್ಡಿನಲ್ಲಿ ನನಗೆ ಹಾಸಿಗೆ ಸಿಕ್ಕಿದ ಮೇಲೆ ಒಂದು ಕುರ್ಚಿ ಎಳೆದು, ಅದನ್ನು ಕಿಟಕಿಯ ಕಡೆ ತಿರುಗಿಸಿ, ನನಗೆ ಬೆನ್ನು ಹಾಕಿ ಕೂತರು. ನಾನು ಆ ಭಂಗಿಯಲ್ಲಿ ಮುಖವನ್ನು ದಿಂಬಿಗೆ ಹಾಕಿ ಇರುವಷ್ಟು ಹೊತ್ತೂ ಅವರು ಹಾಗೆ ಕೂತು, ಕೈಗಡಿಯಾರ ನೋಡಿಕೊಂಡು, “ಈಗ ಸಾಕು, ಮಲಗು” ಎನ್ನುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ “ಆಗ್ತದಾ? ಇನ್ನೊಂದು ಸಲ ಮಾಡುವ” ಎನ್ನುತ್ತಿದ್ದರು. ಮಾಡುವ ಎಂದರೆ ಮಾಡುವುದು ನಾನು. ಆದರೂ ಇಬ್ಬರೂ ಸೇರಿ ಏನೋ ಒಂದನ್ನು ಎತ್ತುತ್ತಿದ್ದೇವೆ ಅನ್ನಿಸುತ್ತಿತ್ತು.

ಸಂಜೆ ಅತ್ತೆ ಬಸ್ಸಿಳಿದು ನೇರವಾಗಿ ಆಸ್ಪತ್ರೆಗೇ ಬಂದರು. ನಾನು ದಿಂಬಿನಲ್ಲಿ ಮುಖ ಇಟ್ಟಿದ್ದರಿಂದ ನನಗೆ ಕಂಡದ್ದು ಅವರ ಕಾಲು ಮತ್ತು ಒಕ್ಕಲಿನ ಮನೆಯಿಂದ ತಂದ ಚೀಲ ಮಾತ್ರ. ಮಾವ ತುಳುವಿನಲ್ಲಿ ನಡೆದದ್ದನ್ನೆಲ್ಲ ಹೇಳಿದರು. ನನಗೆ ಈಗ ತುಳು ಅರ್ಥವಾಗುತ್ತದೆ. ಅವರು ಏನನ್ನೂ ಸುತ್ತಿಬಳಸಲಿಲ್ಲ. ಅತ್ತೆ ಚೀಲವನ್ನು ನೆಲಕ್ಕಿಟ್ಟರು. ಆಮೇಲೆ, “ನಾನು ಬೊಂಡ ಕುಡಿಸಿದೆನಲ್ಲ” ಎಂದರು.

“ಡಾಕ್ಟ್ರೂ ನೀರು ಕುಡೀಲಿಕ್ಕೆ ಹೇಳಿದ್ದಲ್ವಾ ಅತ್ತೆ” ಎಂದೆ ದಿಂಬಿನೊಳಗಿಂದ.

“ಅವರು ಹೇಳಿದ್ದು. ನಾನು ಕುಡಿಸಿದ್ದು.”

ಆ ಕಾಲುಗಳು ಅಲ್ಲಿಂದ ಕದಲಲಿಲ್ಲ. ಸೊಂಟ ಮೇಲೆತ್ತಿ ತಲೆ ಕೆಳಗೆ ಹಾಕಿದವಳು ಯಾರನ್ನು ಸಮಾಧಾನ ಮಾಡಿಯಾಳು? ಕೈ ಚಾಚಿ ಅವರ ಸೀರೆಯ ನೆರಿಗೆ ಹಿಡಿದೆ. ಅವರು ಬಗ್ಗಿ ನನ್ನ ತಲೆ ಮುಟ್ಟಿದರು.

ಮರುದಿನ ಬೆಳಿಗ್ಗೆ ನೋಡಿದಾಗಲೂ ಅದು ಸಿಕ್ಕಿದಲ್ಲೇ ಇತ್ತು. ಡಾಕ್ಟರು ಕೈಯಿಂದ ದೂಡಿದರು. ನೋವಾಯಿತು, ಕೂಗಿದೆ ಎಂದು ಕಾಣುತ್ತದೆ. ಒಮ್ಮೆ ಬಿಟ್ಟು, ಉಸಿರಾಡಲು ಹೇಳಿ, ಮತ್ತೆ ಮಾಡಿದರು. ಎರಡನೆಯ ಸಲ ಒಳಗೆ ಒಂದು ಭಾರ ಜಾಗ ಬದಲಿಸಿತು. ಅದಕ್ಕಿಂತ ಸರಿಯಾಗಿ ಹೇಳಲು ನನಗೆ ಗೊತ್ತಿಲ್ಲ. ಬೆನ್ನಿನ ಬುಡದ ಆ ಒತ್ತಡ, ಏನೋ ಒಂದರ ಮೇಲೆ ಕೂತಂತಿದ್ದದ್ದು, ಆ ಕ್ಷಣದಲ್ಲೇ ಇಲ್ಲವಾಯಿತು. ಡಾಕ್ಟರು ಬೆವರಿದ್ದರು. ನನ್ನ ಬೆರಳುಗಳನ್ನು ಹಿಡಿದು ಕೆಳಹೊಟ್ಟೆಯ ಮೂಳೆಯ ಮೇಲಂಚಿಗೆ ಒತ್ತಿದರು. “ಇಲ್ಲಿ. ಈಗ ಬಂತು. ಸಿಗ್ತದಾ?”

ಏನೋ ಸಿಕ್ಕಿತು. ಹಿಂದಿನದರ ಹಾಗೆ ದೊಡ್ಡದಲ್ಲ, ಬಿಗಿಯಲ್ಲ, ಮೂಳೆಯ ಹಿಂದಿನಿಂದ ಸ್ವಲ್ಪ ಇಣುಕಿದ ಹಾಗೆ. “ಇದು ಖಂಡಿತವಾಗಿಯೂ ಅದೇನಾ?” ಎಂದು ಕೇಳಿದೆ.

“ಅದೇ.”

“ಮೂತ್ರದ ಚೀಲ ಅಲ್ಲ?”

“ಅಲ್ಲ ಮಾರಾಯ್ರೆ” ಎಂದು ನಕ್ಕರು.

ನಳಿಗೆ ತೆಗೆದ ಮೇಲೆ ಮೊದಲ ಸಲ ತಾನಾಗಿ ಮೂತ್ರ ಹೋದಾಗ ನಾನು ಹೊರಗೆ ಬಂದು ನರ್ಸಿಗೆ ಹೇಳಿದೆ, ನರ್ಸು ಅತ್ತೆಗೆ ಹೇಳಿದರು, ಅತ್ತೆ ಕಾರಿಡಾರಿನಲ್ಲಿದ್ದ ಮಾವನಿಗೆ ಹೇಳಿದರು. ಮಾವ ದೇವಸ್ಥಾನಕ್ಕೆ ಹೊತ್ತಾಯಿತೆಂದು ಆಗ ಹೊರಟರು.

ಗಂಡ ಕೊಚ್ಚಿಯಿಂದ ಬಂದು ನನ್ನನ್ನು ಮನೆಗೆ ಕರೆದುಕೊಂಡು ಹೋದರು. ಕಾರಿನಲ್ಲಿ ಅವರಿಗೊಬ್ಬರಿಗೆ ಹೇಳಿದೆ: “ಒಂದು ವಾರ ನಾನು ಮಾತಾಡಿದ್ದು ಮೂತ್ರದ ಚೀಲದ ಹತ್ತಿರ.”

ಅವರು ನಗಲಿಲ್ಲ. ಗಾಡಿ ಓಡಿಸುತ್ತ ಯೋಚಿಸಿ ಹೇಳಿದರು: “ಮಗು ಅದರ ಹಿಂದೆಯೇ ಇತ್ತಲ್ಲ. ಕೇಳಿಸಿರ್ಬಹುದು.”

ಮುಂದಿನ ತಪಾಸಣೆಯಲ್ಲಿ, ಅಷ್ಟು ಸಣ್ಣ ಮಗುವಿಗೆ ಕಿವಿ ಕೇಳಿಸುವುದಿಲ್ಲ ಎಂದು ಡಾಕ್ಟರು ಹೇಳಿದರು. ಹಾಗಾದರೆ ಆ ಮಾತೆಲ್ಲ ಎಲ್ಲಿಗೆ ಹೋಯಿತು ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ. ಆಮೇಲೆ ಹೆರಿಗೆಯವರೆಗೂ ನಾನು ಹೊಟ್ಟೆಯ ಹತ್ತಿರ ಮಾತಾಡಲಿಲ್ಲ. ಯಾರು ಎಲ್ಲಿದ್ದಾರೆ ಎಂದು ಸರಿಯಾಗಿ ತಿಳಿಯದೆ ಮಾತಾಡಿಸುವುದು ಸರಿಯಲ್ಲ ಅನ್ನಿಸಿತ್ತು.

ಮುಂದಿನ ತಿಂಗಳುಗಳಲ್ಲಿ ಗರ್ಭಕೋಶ ಎಲ್ಲರ ಹಾಗೆಯೇ ಬೆಳೆಯಿತು. ಐದನೆಯ ತಿಂಗಳು ಮುಗಿಯುವಾಗ ಹೊಕ್ಕುಳಿನ ಮಟ್ಟಕ್ಕೆ ಬಂತು. ಪ್ರತಿ ಸಲ ಡಾಕ್ಟರು ದರ್ಜಿಯ ಟೇಪಿನಂಥದ್ದರಲ್ಲಿ ಅಳೆಯುವಾಗ ನಾನು ತಲೆಯೆತ್ತಿ ನೋಡುತ್ತಿದ್ದೆ. ಮುಷ್ಟಿಯಷ್ಟಿದ್ದದ್ದು ಹರಿಯದೆ ಇಷ್ಟಾಗುವುದು ಹೇಗೆ ಎಂದು ಕೇಳಿದ್ದಕ್ಕೆ ಅವರು, “ಅದು ಪೂರ್ತಿ ಮಾಂಸಖಂಡ. ಮಧ್ಯದ ಪದರವೇ ದಪ್ಪ. ಇದ್ದ ಎಳೆಗಳೇ ಉದ್ದ ಆಗ್ತವೆ, ಮೊದಲು ದಪ್ಪ ಆಗ್ತವೆ, ಮತ್ತೆ ಮಗು ದೊಡ್ಡದಾಗ್ತಾ ಗೋಡೆ ತೆಳು ಆಗ್ತದೆ. ಒಳಗಿನ ಪದರಕ್ಕೆ ಮಾಸು ಕಚ್ಚಿಕೊಂಡಿರ್ತದೆ” ಎಂದರು. ಕೇಳುವಾಗ ಎಲ್ಲ ಅರ್ಥವಾಗುತ್ತಿತ್ತು. ಮನೆಗೆ ಬಂದು ಅತ್ತೆಗೆ ಹೇಳಹೊರಟರೆ ಅರ್ಧದಲ್ಲಿ ನಿಲ್ಲುತ್ತಿತ್ತು.

ಅತ್ತೆಗೆ ನೀರಿನ ವಿಷಯದಲ್ಲಿ ಹೆದರಿಕೆ ಹಿಡಿದಿತ್ತು. ಬಾಯಾರಿಕೆ ಎಂದರೆ ಲೋಟವನ್ನು ಅರ್ಧ ತುಂಬಿ ತಂದು, “ಹೋಗ್ತಾ ಉಂಟಲ್ಲ?” ಎಂದು ಕೇಳಿ ಆಮೇಲೆ ಕೊಡುತ್ತಿದ್ದರು. ನಾನಂತೂ ನನ್ನ ಕೈಯನ್ನೇ ನಂಬದವಳಾಗಿದ್ದೆ. ಒಳಗೆ ಮೊದಲ ಸಲ ಏನೋ ಮಿಡುಕಿದಾಗ ಗ್ಯಾಸ್ ಇರಬೇಕೆಂದು ಹಲವು ದಿನ ಯಾರಿಗೂ ಹೇಳಲಿಲ್ಲ. ಏಳನೆಯ ತಿಂಗಳಲ್ಲಿ ಹೊಟ್ಟೆ ಇದ್ದಕ್ಕಿದ್ದಂತೆ ಕಲ್ಲಿನಂತಾಗಿ ಮತ್ತೆ ಸಡಿಲವಾಗತೊಡಗಿತು. ಅವಸರದಿಂದ ಆಸ್ಪತ್ರೆಗೆ ಓಡಿದೆವು. ಗರ್ಭಕೋಶ ಹೆರಿಗೆಗೆ ಅಭ್ಯಾಸ ಮಾಡಿಕೊಳ್ಳುತ್ತಿದೆ ಎಂದು ಹೇಳಿ ಕಳಿಸಿದರು. ಇನ್ನೊಮ್ಮೆ ಓಡಿದೆವು, ಇನ್ನೊಮ್ಮೆ ಕಳಿಸಿದರು. ಎಂಟರಲ್ಲಿ ಅದು ಪಕ್ಕೆಲುಬಿನವರೆಗೆ ಬಂದು ಉಸಿರು ಗಿಡ್ಡವಾಯಿತು, ಎರಡು ತುತ್ತಿಗೆ ಹೊಟ್ಟೆ ತುಂಬುತ್ತಿತ್ತು. ಕೊನೆಗೆ ಒಂದು ಬೆಳಿಗ್ಗೆ ಉಸಿರು ಸಲೀಸಾಗಿ ಬಂತು. ಅತ್ತೆ ನೋಡಿ “ಹೊಟ್ಟೆ ಇಳಿದಿದೆ, ಒಳ್ಳೆದಾಯ್ತು” ಎಂದರು. ಮೇಲೇಳಲಿಲ್ಲವೆಂದು ಅಷ್ಟು ಹೆದರಿದವಳಿಗೆ ಈಗ ಇಳಿದದ್ದಕ್ಕೆ ಸಂತೋಷಪಡಬೇಕಿತ್ತು.

ಹೆರಿಗೆ ಸಹಜವಾಗಿಯೇ ಆಯಿತು. ದೀರ್ಘವಾದ ಒಂದು ಹಗಲು. ಹೆಣ್ಣುಮಗು. ಅಳುವಿನಲ್ಲಿ ಅವಳ ಅಜ್ಜನ ಸ್ವರ ಇದೆ ಎಂದು ಗಂಡ ಹೇಳಿದರು. ಮಗುವನ್ನು ನನ್ನ ಎದೆಗೆ ಕೊಟ್ಟ ಮೇಲೆ ನರ್ಸು ನನ್ನ ಹೊಟ್ಟೆಯನ್ನು ಗಟ್ಟಿಯಾಗಿ ಒತ್ತಿ ತಿಕ್ಕಿದರು. ಅಲ್ಲಿ ತೆಂಗಿನಕಾಯಿಯಷ್ಟು ಗಟ್ಟಿಯಾದ ಒಂದು ಉಂಡೆ ಕೈಗೆ ಸಿಕ್ಕಿತು.

“ಇನ್ನೊಂದು ಉಂಟಾ?” ಎಂದು ಕೇಳಿಬಿಟ್ಟೆ.

“ಇಲ್ಲ ಇಲ್ಲ. ಇದು ನಿಮ್ಮ ಗರ್ಭಕೋಶವೇ. ಹೀಗೆ ಗಟ್ಟಿ ಆದ್ರೆ ರಕ್ತ ನಿಲ್ತದೆ. ಮೆತ್ತಗಾದ್ರೆ ನಮಗೆ ಹೆದರಿಕೆ.”

ಮಗು ಹಾಲು ಕುಡಿಯುವಾಗಲೆಲ್ಲ ಅದು ಹಿಂಡಿದಂತೆ ನೋಯುತ್ತಿತ್ತು. ಹಾಲು ಬರುವುದಕ್ಕೂ ಅದು ಮುದುಡುವುದಕ್ಕೂ ಒಂದೇ ರಸ ಕಾರಣವಂತೆ. ಮನೆಗೆ ಬಂದ ಮೇಲೆ ದಿನವೂ ಮುಟ್ಟಿ ನೋಡುತ್ತಿದ್ದೆ. ಒಂದೊಂದು ದಿನಕ್ಕೆ ಒಂದೊಂದು ಬೆರಳಿನಷ್ಟು ಕೆಳಗಿಳಿಯುತ್ತಿತ್ತು. ಬಾಣಂತಿ ಸ್ನಾನಕ್ಕೆ ಬರುತ್ತಿದ್ದ ಹೆಂಗಸು ಹಳೆಯ ಸೀರೆಯಿಂದ ಹೊಟ್ಟೆ ಬಿಗಿದು ಕಟ್ಟುತ್ತಿದ್ದರು. ಡಾಕ್ಟರು ಅದೇನೂ ಬೇಡ ಎಂದಿದ್ದರು. ಒಂದು ದಿನ ಕಟ್ಟಿಸಿಕೊಳ್ಳುತ್ತಿದ್ದೆ, ಮರುದಿನ ಬೇಡ ಎನ್ನುತ್ತಿದ್ದೆ. ಯಾವ ದಿನ ಸರಿ ಮಾಡಿದೆನೋ ತಿಳಿಯದು.

ಮಗು ಹುಟ್ಟಿದರೆ ಮನೆಯವರಿಗೆ ಅಮೆ. ಆ ಮೈಲಿಗೆ ಕಳೆಯುವವರೆಗೆ ಮಾವ ಪೂಜೆಗೆ ಹೋಗುವಂತಿರಲಿಲ್ಲ. ಅವರ ಬದಲಿಗೆ ಬೇರೊಬ್ಬರು ಹೋಗುತ್ತಿದ್ದರು. ಮಾವನಿಗೆ ಮನೆಯಲ್ಲಿ ಏನು ಮಾಡುವುದೆಂದು ತೋಚುತ್ತಿರಲಿಲ್ಲ. ಜಗಲಿಯಲ್ಲಿ ಕೂರುವುದು, ಏಳುವುದು, ಮತ್ತೆ ಕೂರುವುದು. ಒಂದು ಮಧ್ಯಾಹ್ನ ನಾನು ಮಗುವನ್ನು ಮಲಗಿಸಿ ಬಾಗಿಲ ಹತ್ತಿರ ಬಂದಾಗ ಅವರು ಎದ್ದು ನಿಂತು, ರಸ್ತೆ ನೋಡುತ್ತ ಕೇಳಿದರು: “ಈಗ ಎಲ್ಲಿ ಉಂಟು?”

“ಒಳಗೆ ಮಲಗಿದಾಳೆ ಮಾವ.”

“ಮಗು ಅಲ್ಲ. ಅದು. ಗರ್ಭಕೋಶ.”

ಬೆಳಿಗ್ಗೆ ಮುಟ್ಟಿ ನೋಡಿದಾಗ ಮೂಳೆಯ ಹತ್ತಿರಕ್ಕೆ ಬಂದಿತ್ತು, ಸಿಕ್ಕಿತೋ ಇಲ್ಲವೋ ಎನ್ನುವ ಹಾಗೆ. “ಇಳೀತಾ ಉಂಟು” ಎಂದೆ.

“ಪೂರ್ತಿ ಇಳೀಲಿ. ಅಷ್ಟರವರೆಗೆ ಭಾರ ಎಂತದೂ ಎತ್ತುದು ಬೇಡ” ಎಂದರು. ಆಮೇಲೆ ಮಳೆ ಹನಿಯತೊಡಗಿತೆಂದು ಅಂಗಳಕ್ಕೆ ಇಳಿದು, ಹಗ್ಗದ ಮೇಲೆ ಒಣಗಲು ಹಾಕಿದ್ದ ಮಗುವಿನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ತಮ್ಮ ಹೆಗಲ ಮೇಲೆ ಹಾಕಿಕೊಳ್ಳತೊಡಗಿದರು.